ಧಣಿ ಅಂದವರು ಚಾ ತರಬೇಕು

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಗುಂಡಿ, ಜಿಪ್, ದಾರದ ಉಂಡೆ ಮಾರುವ ಅಂಗಡಿಯೊಂದರ ಮೇಲೆ ಕಿಟಕಿ ಇಲ್ಲದ ಒಂದು ಕೋಣೆ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ಕಾರ್ಮಿಕ ಸಂಘದ ಅಧ್ಯಯನ ವರ್ಗ ನಡೆಯುತ್ತದೆ. ಜೀನ್ಸ್ ಹೊಲಿಯುವವರು, ಹಮಾಲರು, ಕಾಲೇಜು ಓದುವ ಇಬ್ಬರು ಮೂವರು ಬರುತ್ತಾರೆ. ಪಾಠ ಮಾಡುವವರು ಭೀಮರಾಜ, ಖಾಸಗಿ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕರು. ಆ ಕೋಣೆಗೆ ಅವರು ಮಾಡಿದ ನಿಯಮ ಒಂದೇ. ಯಾರ ಬಾಯಲ್ಲಾದರೂ ‘ಧಣಿ’ ಎಂಬ ಮಾತು ಬಂದರೆ ಅವರು ಕೆಳಗಿಳಿದು ಹೋಗಿ ಎಲ್ಲರಿಗೂ ಚಹಾ ತರಬೇಕು.

ನಮ್ಮ ಬಳ್ಳಾರಿ ಸೀಮೆಯಲ್ಲಿ ಈ ಮಾತು ಎಲ್ಲರಿಗೂ ಸಲ್ಲುತ್ತದೆ. ನೂರು ಎಕರೆಯ ಗೌಡ ಧಣಿ. ಅಕ್ಕಿ ಗಿರಣಿಯವನು ಧಣಿ. ಲಾರಿ ಇಟ್ಟವನು ಧಣಿ, ಎರಡು ಹೊಲಿಗೆ ಯಂತ್ರ ಹಾಕಿಕೊಂಡವನೂ ಧಣಿ. ಭೀಮರಾಜರ ತಕರಾರು ಇದೇ ಆಗಿತ್ತು. ಗೌಡ ಊಳಿಗಮಾನ್ಯ ಕಾಲದವನು, ನೆಲ ಹಿಡಿದುಕೊಂಡು ಜನರನ್ನು ಕಟ್ಟಿಹಾಕಿದವನು. ಗಿರಣಿಯವನು ಬಂಡವಾಳಿಗ, ಕಟ್ಟು ಬಿಚ್ಚಿ ಕೂಲಿ ಕೊಡುವವನು. ಒಬ್ಬನು ಹೋಗಬೇಕು, ಇನ್ನೊಬ್ಬನು ಬರಬೇಕು, ಅದೇ ಮೊದಲ ಕ್ರಾಂತಿ. ಕೂಲಿಗಾರರ ಕ್ರಾಂತಿ ಅದರ ನಂತರದ ಹಂತ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದರೆ ಯಾರ ಜೊತೆ ನಿಲ್ಲಬೇಕು, ಯಾರ ಎದುರು ನಿಲ್ಲಬೇಕು ಎನ್ನುವುದೇ ತಿಳಿಯುವುದಿಲ್ಲ. ವಾದದಲ್ಲಿ ತಪ್ಪಿರಲಿಲ್ಲ. ಉಪ್ಪು, ಸೋಡಾ ಎರಡಕ್ಕೂ ಬಿಳಿ ಪುಡಿ ಎಂದು ಚೀಟಿ ಅಂಟಿಸಿದ ಪ್ರಯೋಗಾಲಯ ನಡೆಯುವುದಿಲ್ಲ.

ಸುಂಕಮ್ಮ ಆ ವರ್ಗಕ್ಕೆ ಬಂದ ಮೊದಲ ತಿಂಗಳು ಬಹಳ ಸಲ ಚಹಾ ತಂದಳು. ಆಮೇಲೆ ತರಲಿಲ್ಲ. ಜೀನ್ಸ್ ಘಟಕದಲ್ಲಿ ಅವಳ ಕೆಲಸ ಪ್ಯಾಂಟಿನ ಸೊಂಟಕ್ಕೆ ಬೆಲ್ಟಿನ ಪಟ್ಟಿ ಕೂರಿಸುವುದು. ಪಕ್ಕದ ಯಂತ್ರದವರೆಲ್ಲ ಧಣೇರು ಬಂದ್ರು, ಧಣೇರು ಹೋದ್ರು ಎನ್ನುವಾಗ ಅವಳು ಮಾತ್ರ ಮಾಲಕ ಎನ್ನುತ್ತಿದ್ದಳು. ಗಂಡ ಎರ್ರಿ ಆಟೊ ಓಡಿಸುತ್ತಾನೆ. ಅವನು ಸಂಘದ ಗೊಡವೆಗೆ ಹೋದವನಲ್ಲ. ಹೆಂಡತಿಯನ್ನು ರೇಗಿಸಬೇಕು ಅನಿಸಿದಾಗಲೆಲ್ಲ ಆಟೊದ ನಿಜವಾದ ಯಜಮಾನನನ್ನು ಬೇಕೆಂದೇ ಧಣಿ ಎಂದು ಕರೆದು, ದಂಡದ ಚಹಾವನ್ನು ನೀನೇ ಮಾಡಿಕೊಡು ಎನ್ನುತ್ತಿದ್ದ.

ಅವಳನ್ನು ಆ ಕೋಣೆಗೆ ಕಟ್ಟಿಹಾಕಿದ್ದು ‘ಊಳಿಗಮಾನ್ಯ’ ಎಂಬ ಪದ. ಓದಿದವರಿಗೆ ಅದು ಪುಸ್ತಕದ ಪದ. ಸುಂಕಮ್ಮನಿಗೆ ಊಳಿಗ ಎಂದರೆ ತವರೂರು ರಾರಾವಿಯಲ್ಲಿ ಅವಳ ತಾಯಿ ಗೌಡರ ಮನೆಯ ಮದುವೆಗೆ ಅಂಗಳ ಸಾರಿಸಿ, ಎಂಜಲೆಲೆ ಎತ್ತಿ, ಕೂಲಿ ಕೇಳದೆ ಬರುತ್ತಿದ್ದದ್ದು. ಗೌಡರ ವಾಡೆ ದಾಟುವವರೆಗೆ ತಂದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿಯುತ್ತಿದ್ದದ್ದು. ಅದು ತಮ್ಮ ಕೇರಿಯ ಹಣೆಬರಹ ಎಂದೇ ಅವಳು ತಿಳಿದಿದ್ದಳು. ಅದಕ್ಕೊಂದು ಹೆಸರಿದೆ ಎಂದು ಗೊತ್ತಾದ ದಿನ ಅವಳು ಮನೆಗೆ ಬಂದು ಎರ್ರಿಗೆ ಹೇಳಿದ್ದು ಪಕ್ಕದ ಮನೆಯ ನನಗೂ ನೆನಪಿದೆ, ನಮ್ಮ ಗೋಡೆಗಳ ನಡುವೆ ಮರೆ ಕಡಿಮೆ. ಹೆಸರಿದೆ ಅಂದರೆ ಬೇರೆ ದೇಶಗಳಲ್ಲೂ ಇತ್ತು. ಅಲ್ಲಿ ಇದ್ದದ್ದು ಹೋಗಿದೆ ಅಂದರೆ ಇಲ್ಲೂ ಹೋಗುತ್ತದೆ. ಇಷ್ಟನ್ನು ಅವಳು ಎರಡು ಸಲ ಹೇಳಿದಳು.

ರಾರಾವಿಯಲ್ಲಿ ಈಗ ಇರುವವನು ಅಣ್ಣ ಜೋಗಪ್ಪ. ಅವನೂ ಕೇರಿಯ ಇನ್ನೂ ಎಂಟು ಮನೆಯವರೂ ಗೌಡರ ಕಾಲುವೆ ಕೆಳಗಿನ ಗದ್ದೆಯನ್ನು ಕೋರಿಗೆ ಮಾಡುತ್ತಿದ್ದರು. ಕೋರು ಎಂದರೆ ಬೆಳೆದದ್ದರಲ್ಲಿ ಅರ್ಧ ನೆಲದವರಿಗೆ, ಅರ್ಧ ದುಡಿದವರಿಗೆ. ತಾತನ ಕಾಲದಿಂದ ನಡೆದದ್ದು, ಕಾಗದ ಮಾತ್ರ ಇಲ್ಲ. ಭೂಸುಧಾರಣೆಯ ಕಾಲದಲ್ಲಿ ಗೌಡರು ಎಲ್ಲವನ್ನೂ ತಾವೇ ಸ್ವಂತ ಉಳುಮೆ ಮಾಡುವುದಾಗಿ ಬರೆಸಿಕೊಂಡು ನೆಲ ಉಳಿಸಿಕೊಂಡಿದ್ದರು. ಹೊಲ ಬರವಣಿಗೆಯಲ್ಲಿ ಗೌಡರದು, ಕಾಲಿಟ್ಟು ನಿಂತದ್ದು ಈ ಒಂಬತ್ತು ಮನೆಯವರು.

ನಾಗರ ಪಂಚಮಿಯ ಹಿಂದಿನ ದಿನ ಜೋಗಪ್ಪ ತಂಗಿಯನ್ನು ಕರೆಯಲು ಬಳ್ಳಾರಿಗೆ ಬರುತ್ತಿದ್ದ. ಮದುವೆಯಾದ ವರ್ಷದಿಂದ ಒಮ್ಮೆಯೂ ತಪ್ಪಿಸಿರಲಿಲ್ಲ. ಬಂದವನು ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತು ನೀರು ಕುಡಿದು, ಕಾಮ್ರೇಡ್ ಬಾಯಾರಿಗೆ ಹಬ್ಬಕ್ಕೆ ಬಿಡುವು ಉಂಟೋ, ಪಂಚಮಿ ಯಾವ ಹಂತದಾಗ ಬರತೈತಿ ಎಂದು ಓಣಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದ. ಮರಳುವಾಗ ಅತ್ತಿಗೆ ಸತ್ಯಮ್ಮ ಅದೇ ಗದ್ದೆಯ ಅಕ್ಕಿಯಿಂದ ಅವಳ ಉಡಿ ತುಂಬುತ್ತಿದ್ದಳು. ಊರ ಗಿರಣಿಯಲ್ಲಿ ಮಾಡಿಸಿದ ಆ ಅಕ್ಕಿಯಲ್ಲಿ ಕಲ್ಲು ಬಹಳ. ಸುಂಕಮ್ಮ ವಾರಗಟ್ಟಲೆ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಆರಿಸುತ್ತಿದ್ದಳು. ಅವಳಿಗೆ ಅದು ಕೆಲಸದಂತೆ ಕಾಣುತ್ತಿರಲಿಲ್ಲ.

ಕೃಷಿ ಭೂಮಿಯನ್ನು ಯಾರು ಬೇಕಾದರೂ ಕೊಳ್ಳಬಹುದು ಎಂದು ಕಾನೂನು ಬದಲಾದ ಮೇಲೆ, ಸಿರುಗುಪ್ಪದ ಅಕ್ಕಿ ಗಿರಣಿಯ ಎರ್ರಣ್ಣ ಗೌಡರ ಗದ್ದೆ ಕೇಳಿದ. ಗೌಡರಿಗೂ ಮಾರುವ ಮನಸ್ಸಿತ್ತು. ತೊಡಕು ಒಂದೇ, ಗದ್ದೆಯಲ್ಲಿ ಒಂಬತ್ತು ಮನೆಯವರಿದ್ದಾರೆ. ಸಿರುಗುಪ್ಪದ ವಕೀಲರೊಬ್ಬರು ಜೋಗಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದರು: ಕಾಗದ ಇಲ್ಲದವರಿಗೆ ಇರುವ ಬಲ ಕಾಲು ಮಾತ್ರ, ಗದ್ದೆಯಿಂದ ಕಾಲು ತೆಗೆಯದಿದ್ದರೆ ಕೊಳ್ಳುವವನು ನಿಮ್ಮ ಜೊತೆ ಮಾತಾಡಲೇಬೇಕಾಗುತ್ತದೆ. ಜೋಗಪ್ಪ ಇದನ್ನು ತಂಗಿಗೆ ಫೋನಿನಲ್ಲಿ ತಿಳಿಸಿ, ನಿಮ್ಮ ಸಂಘದವರು ಬಂದು ಜೊತೆಗೆ ನಿಲ್ಲುತ್ತಾರೇನು ಕೇಳು ಎಂದ.

ಸಂಘದಲ್ಲಿ ಇದರ ಚರ್ಚೆ ಮೂರು ಭಾನುವಾರ ನಡೆಯಿತು. ಭೀಮರಾಜರು ಮಂಡಿಸಿದ ಲೆಕ್ಕ ಹೀಗಿತ್ತು. ಕೋರು ಎಂಬುದು ಊಳಿಗಮಾನ್ಯದ ಉಳಿಕೆ. ಅದನ್ನು ಉಳಿಸಲು ಹೋರಾಡಿದರೆ ಗೌಡರ ಪದ್ಧತಿಯನ್ನೇ ಉಳಿಸಿದಂತೆ. ಎರ್ರಣ್ಣ ಬಂದರೆ ಬಿಟ್ಟಿ ದುಡಿಮೆ ಹೋಗುತ್ತದೆ, ನಗದು ಕೂಲಿ ಬರುತ್ತದೆ, ರೈತನು ಕಾರ್ಮಿಕನಾಗುತ್ತಾನೆ, ಕಾರ್ಮಿಕನಿಗೆ ಸಂಘ ಬರುತ್ತದೆ. ರಾರಾವಿಯಲ್ಲಿ ನೂರಾರು ವರ್ಷದ ಕತ್ತಲೆ ಮುಗಿಯುವ ಹೊತ್ತಿನಲ್ಲಿ ನಾವು ಅಡ್ಡ ನಿಲ್ಲಬಾರದು. ಎರ್ರಣ್ಣನ ಜೊತೆ ಅವರು ಮಾತಾಡಿಯೂ ಆಗಿತ್ತು. ಒಂಬತ್ತು ಮನೆಗೂ ಗದ್ದೆಯಲ್ಲಿ, ಗಿರಣಿಯಲ್ಲಿ ವರ್ಷವಿಡೀ ಕೆಲಸ ಎಂದು ಅವನು ಬಾಯಿಮಾತು ಕೊಟ್ಟಿದ್ದ.

ಅದೇ ವಾರ ಪಾಠದಲ್ಲಿ ಬಂದದ್ದು ಕೂಲಿಗಾರನ ಬಿಡುಗಡೆಯ ವಿಷಯ. ಕೂಲಿಗಾರ ಎರಡು ಅರ್ಥದಲ್ಲಿ ಬಿಡುಗಡೆಯಾದವನು ಎಂದು ಭೀಮರಾಜರು ಹೇಳಿದರು. ಒಂದು, ಒಡೆಯನ ಊಳಿಗದಿಂದ ಬಿಡುಗಡೆ. ಎರಡು, ನೆಲದಿಂದ, ನೇಗಿಲಿನಿಂದ, ತನ್ನದು ಎನ್ನಬಹುದಾದ ಎಲ್ಲದರಿಂದ ಬಿಡುಗಡೆ. ಅವನ ಹತ್ತಿರ ಮಾರಲು ಉಳಿಯುವುದು ಮೈಯ ದುಡಿಮೆ ಒಂದೇ. ಎಲ್ಲರೂ ಇಳಿದು ಹೋದ ಮೇಲೆ ಸುಂಕಮ್ಮ ಹಿಂದೆ ಉಳಿದು, ರಾರಾವಿಗೆ ನಾನೇ ಹೋಗಿ ಹೇಳಬೇಕಲ್ಲ, ಈ ಎರಡನೆಯದನ್ನು ಹೇಗೆ ಹೇಳಲಿ ಎಂದು ಕೇಳಿದಳು.

“ಊರಾಗ ಈಗ ಮೊದಲನೇದು ಅಷ್ಟ ಹೇಳ್ರಿ ಸುಂಕಮ್ಮ,” ಎಂದರು ಭೀಮರಾಜರು. “ಎರಡನೇದು ಎರಡನೇ ಹಂತದಾಗ ಹೇಳೂಣು.”

ಅವಳು ಮೊದಲನೆಯದನ್ನು ಮಾತ್ರ ಹೇಳಿದಳು.

ಜೋಗಪ್ಪನ ಮನೆ ಮುಂದಿನ ಬೇವಿನ ಕಟ್ಟೆಯಲ್ಲಿ ಒಂಬತ್ತು ಮನೆಯವರೂ ಸೇರಿದ್ದರು. ಭೀಮರಾಜರೂ ಬಂದಿದ್ದರು. ಅವರು ಫ್ರಾನ್ಸ್ ದೇಶದ ರೈತರಿಂದ ಸುರು ಮಾಡಿ ರಾರಾವಿಗೆ ಬರುವ ಹೊತ್ತಿಗೆ ಮುದುಕರಿಬ್ಬರು ನಿದ್ದೆ ಹೋಗಿದ್ದರು. ಆಗ ಜೋಗಪ್ಪ ಎದ್ದು, ಸಿರುಗುಪ್ಪದ ಧಣೇರು ಮಾತು ತಪ್ಪಿದರೆ ಯಾರನ್ನು ಕೇಳುವುದು ಎಂದ. ಸುಂಕಮ್ಮನೇ ನಕ್ಕಳು. ಧಣಿ ಅಂದರೆ ಚಾ ತರಬೇಕು ಎಂಬ ಕಟ್ಟಳೆಯನ್ನು ಭೀಮರಾಜರು ಎಲ್ಲರಿಗೂ ವಿವರಿಸಿದರು. ಅವತ್ತು ಊರ ಹೋಟೆಲಿನಿಂದ ಕೆಟ್ಲು ತುಂಬ ಚಹಾ ಹೊತ್ತು ತಂದವನು ಜೋಗಪ್ಪ. ನಿದ್ದೆಯಲ್ಲಿದ್ದವರೂ ಎದ್ದು ಕುಡಿದರು. ಕೇರಿಯ ಹೆಂಗಸರು ಬಹಳ ದಿನ ಅದನ್ನು ಹೇಳಿಕೊಂಡು ನಕ್ಕರು.

ಕೊನೆಗೆ ಜೋಗಪ್ಪ ತಂಗಿಯನ್ನು ಪಕ್ಕಕ್ಕೆ ಕರೆದ. “ಮಾಸ್ತರು ಹೇಳಿದ್ದು ನನಗ ತಿಳಿಲಿಲ್ಲ. ಅದು ಬಿಡು. ನೀ ಹೇಳು ಸುಂಕಿ, ಹೊಲದಾಗಿಂದ ಕಾಲು ತಗದ್ರ ನಮಗ ಕೇಡಿಲ್ಲಾ?”

“ಇಲ್ಲಣ್ಣ,” ಎಂದಳು ಸುಂಕಮ್ಮ. “ಊಳಿಗ ಹೋಗತೈತಿ. ನಿನ್ನ ಮಕ್ಕಳು ಚಪ್ಪಲಿ ಕೈಯಾಗ ಹಿಡಿಯಂಗಿಲ್ಲ.”

ಬೇಸಿಗೆಯಲ್ಲಿ ಒಂಬತ್ತು ಮನೆಯವರು ಗದ್ದೆ ಬಿಟ್ಟರು.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಬಿಟ್ಟಿ ಹೋಯಿತು. ಎರ್ರಣ್ಣ ಯಾರನ್ನೂ ಬೈಯಲಿಲ್ಲ, ಯಾರಿಂದಲೂ ಚಪ್ಪಲಿ ತೆಗೆಸಲಿಲ್ಲ. ಮೊದಲ ಬೆಳೆಗೆ ನಾಟಿಗೆ ಕರೆದ, ಕೂಲಿಯನ್ನು ಅಂದೇ ಫೋನಿಗೆ ಹಾಕಿದ. ಎರಡನೆಯ ವರ್ಷ ನಾಟಿಯೇ ಇರಲಿಲ್ಲ, ಬಿತ್ತನೆಯ ಯಂತ್ರ ಬಂತು. ಕೊಯ್ಲಿಗೆ ದೊಡ್ಡ ಯಂತ್ರ ಬಂದು ಮೂರು ದಿನದಲ್ಲಿ ಗದ್ದೆ ಬೋಳಾಯಿತು. ಕಣವೇ ಇಲ್ಲದ ಮೇಲೆ ಕಣ ಗುಡಿಸಿದ ಕಾಳೂ ಇಲ್ಲ. ಸುತ್ತ ತಂತಿಬೇಲಿ ಬಂದದ್ದರಿಂದ ಬದುವಿನ ಹುಲ್ಲು ಹೋಯಿತು, ಹುಲ್ಲಿನ ಹಿಂದೆ ಆಡುಗಳು ಹೋದವು. ಗಿರಣಿಯಲ್ಲಿ ಕೆಲಸ ಕೇಳಲು ಹೋದವರಿಗೆ ಮೇಜಿನ ಹಿಂದೆ ಕೂತು ಉತ್ತರ ಕೊಟ್ಟವನು ಗೌಡರ ಮಗ. ಭತ್ತ ಖರೀದಿಗೆ ಎರ್ರಣ್ಣ ಅವನನ್ನೇ ಪಾಲುಗಾರ ಮಾಡಿಕೊಂಡಿದ್ದ.

ಇದರ ಪಾಠವೂ ಆ ಕೋಣೆಯಲ್ಲಿ ಆಗಿತ್ತು. ಬಂಡವಾಳಿಗರು ಕೆಲವು ದೇಶಗಳಲ್ಲಿ ತಮ್ಮ ಕ್ರಾಂತಿಯನ್ನು ಅರ್ಧಕ್ಕೆ ನಿಲ್ಲಿಸಿ, ಯಾವ ಒಡೆಯರನ್ನು ಇಳಿಸಲು ಹೊರಟಿದ್ದರೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡರು ಎಂದು ಭೀಮರಾಜರು ಹೇಳಿದ್ದು ಸುಂಕಮ್ಮನಿಗೆ ನೆನಪಿತ್ತು. ಅದು ಜರ್ಮನಿಯ ವಿಷಯ ಎಂದು ಅವಳು ತಿಳಿದಿದ್ದಳು.

ಜೋಗಪ್ಪ ಸಿರುಗುಪ್ಪದಲ್ಲಿ ಹಮಾಲಿಗೆ ಹೋಗತೊಡಗಿದ. ಒಮ್ಮೆ ಫೋನಿನಲ್ಲಿ ಸುಂಕಮ್ಮ ತಡೆಯಲಾರದೆ, ಹೇಗಾದರೂ ಗೌಡರ ಬೈಗುಳವಾದರೂ ತಪ್ಪಿತಲ್ಲ ಎಂದುಬಿಟ್ಟಳು.

“ಹೌದು,” ಎಂದ ಜೋಗಪ್ಪ. “ಗೌಡ ಬೈತಿದ್ದ. ಈತ ಬೈಯಂಗಿಲ್ಲ. ಈತಗ ನಾವ್ಯಾರಂತ ಗೊತ್ತಿಲ್ಲ.”

ಆ ವರ್ಷ ಪಂಚಮಿಗೆ ಅವನು ಬರಲಿಲ್ಲ. ಸುಂಕಮ್ಮ ಹಿಂದಿನ ದಿನ ಘಟಕಕ್ಕೆ ರಜೆ ಹೇಳಿ, ಚೀಲಕ್ಕೆ ಎರಡು ಸೀರೆ ಹಾಕಿ ಕೂತಿದ್ದಳು. ಕತ್ತಲಾದ ಮೇಲೆ ಎರ್ರಿಯೇ ಚೀಲವನ್ನು ಎತ್ತಿ ಅಟ್ಟಕ್ಕೆ ಹಾಕಿದ, ಏನೂ ತಮಾಷೆ ಮಾಡಲಿಲ್ಲ. ಮರುವರ್ಷವೂ ಹಾಗೇ ಆಯಿತು. ಮೂರನೆಯ ವರ್ಷ ಅವಳು ರಜೆ ಕೇಳಲಿಲ್ಲ. ಅಣ್ಣ ಕರೆಯದೆ ತಾನಾಗಿ ಹೋಗಬಹುದಿತ್ತು. ಕರೆಯದ ತವರಿಗೆ ಹೋಗುವ ಮಗಳು ನೆಂಟಳಾಗುತ್ತಾಳೆ, ಮಗಳಾಗಿ ಉಳಿಯುವುದಿಲ್ಲ ಎಂಬುದು ಅವಳ ತಿಳಿವಳಿಕೆ.

ಕೇರಿಯಲ್ಲಿ ಏನು ಮಾತಿದೆ ಎಂದು ಅವಳಿಗೆ ತಿಳಿದದ್ದು ಅತ್ತಿಗೆಯಿಂದ. ಸುಂಕಿ ಗಿರಣಿಯವರ ಕಡೆಯಿಂದ ಬಂದು ನಮ್ಮನ್ನು ಎಬ್ಬಿಸಿದಳು, ಅವಳಿಗೆ ಬಳ್ಳಾರಿಯಲ್ಲಿ ಮನೆ ಕೊಟ್ಟಿರಬೇಕು ಎಂದು ಜನ ಆಡುತ್ತಿದ್ದರು. ಜೋಗಪ್ಪ ಅದನ್ನು ನಂಬಿರಲಿಲ್ಲ, ಆದರೆ ಅಲ್ಲಗಳೆದೂ ಇರಲಿಲ್ಲ. ಅವಳಿಗೆ ಬೇಕಾದದ್ದು ಹೆಚ್ಚೇನಲ್ಲ. ಗದ್ದೆ ಬಿಡಿಸಿದ್ದು ಸಂಘದ ತೀರ್ಮಾನ, ಅದು ತಪ್ಪಾಯಿತು ಎಂದು ಭೀಮರಾಜರು ಅಣ್ಣನ ಎದುರಿಗೆ ಒಂದು ಮಾತು ಹೇಳಬೇಕು. ಆಮೇಲೆ ಅಣ್ಣ ಕರೆದರೆ ಕರೆಯಲಿ, ಬಿಟ್ಟರೆ ಬಿಡಲಿ.

ಕಳೆದ ವರ್ಷ ಮಳೆಗಾಲದ ಸುರುವಿಗೆ ಅವಳು ಗಾಂಧಿನಗರದ ಭೀಮರಾಜರ ಮನೆಗೆ ಹೋಗಿ ಇದನ್ನೇ ಕೇಳಿದಳು. ಅವರು ಬಹಳ ಹೊತ್ತು ಕೇಳಿಸಿಕೊಂಡರು. ಅವಳ ಮಾತು ನ್ಯಾಯವಾದದ್ದು ಎಂದೂ ಹೇಳಿದರು. ರಾರಾವಿಗೆ ಬಂದು ಖಾಸಗಿಯಾಗಿ ಹೇಳುವುದಕ್ಕಿಂತ ಕುರುಗೋಡಿನ ಸಮಾವೇಶದಲ್ಲಿ ಎಲ್ಲರ ಮುಂದೆ ಸ್ವವಿಮರ್ಶೆ ಮಾಡಿಕೊಳ್ಳುವುದೇ ಸರಿ, ವರದಿಯಲ್ಲಿ ರಾರಾವಿಯ ಭಾಗವನ್ನು ನಾನೇ ಓದುತ್ತೇನೆ, ನಿಮ್ಮ ಅಣ್ಣನನ್ನು ಕರೆದುಕೊಂಡು ಬನ್ನಿ ಎಂದರು. ಸುಂಕಮ್ಮ ಅಲ್ಲಿಂದ ಹೊರಬಂದವಳು ಆಟೊ ಹತ್ತದೆ ನಡೆದೇ ಮನೆಗೆ ಬಂದಳು. ಖುಷಿಯಾದಾಗ ಅವಳು ನಡೆಯುತ್ತಾಳೆ.

ಜೋಗಪ್ಪ ಸುಲಭಕ್ಕೆ ಒಪ್ಪಲಿಲ್ಲ. ಒಂದು ದಿನದ ಹಮಾಲಿ ಹೋಗುತ್ತದೆ ಎಂದ, ಫ್ರಾನ್ಸಿನ ಕತೆ ಇನ್ನೊಮ್ಮೆ ಕೇಳುವ ಶಕ್ತಿ ಇಲ್ಲ ಎಂದ. ಬಂದು ಕೇಳು, ಆಮೇಲೆ ಮಾತು ಬಿಡುವುದಾದರೆ ಬಿಡು ಎಂದು ಅವಳು ಪಟ್ಟು ಹಿಡಿದಳು. ಅವನು ಬಂದ.

ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಕುರುಗೋಡಿನ ಕಲ್ಯಾಣ ಮಂಟಪ ಸಮಾವೇಶಕ್ಕೆ ಸಿಕ್ಕಿತ್ತು. ಮದುಮಕ್ಕಳು ಕೂರುವ ಮೇಜು ಕುರ್ಚಿಯಲ್ಲಿ ಸಂಘದ ಹಿರಿಯರು ಕೂತಿದ್ದರು. ಅಣ್ಣ ತಂಗಿ ನಡುವಿನ ಸಾಲಿನಲ್ಲಿ ಅಕ್ಕಪಕ್ಕ ಕೂತರು. ಸುಂಕಮ್ಮ ಅಣ್ಣನ ಮುಖವನ್ನೇ ನೋಡುತ್ತಿದ್ದಳು, ಆ ಮಾತು ಬಂದಾಗ ಅವನ ಮುಖ ಹೇಗಾಗುತ್ತದೆ ಎಂದು. ಭೀಮರಾಜರು ವರದಿ ಓದುತ್ತಾ ರಾರಾವಿಗೆ ಬಂದರು. ಊಳಿಗಮಾನ್ಯ ಸಂಬಂಧಗಳು ಕುಸಿಯುತ್ತಿದ್ದ ಸಂದರ್ಭವನ್ನು ಸಂಘ ಸರಿಯಾಗಿಯೇ ಗುರುತಿಸಿತ್ತು. ಆದರೆ ಸ್ಥಳೀಯ ಸಂಗಾತಿಗಳು ಹಂತವನ್ನು ತಪ್ಪಾಗಿ ಗ್ರಹಿಸಿ, ಕೌಟುಂಬಿಕ ಸಂಬಂಧಗಳ ಒತ್ತಡದಲ್ಲಿ ಅವಸರ ಮಾಡಿದ್ದರಿಂದ ಒಂಬತ್ತು ಕುಟುಂಬಗಳು ಸಿದ್ಧತೆಯಿಲ್ಲದೆ ಭೂಮಿ ತೊರೆದವು. ಇಷ್ಟು ಓದಿ ಅವರು ಸಂಡೂರಿನ ಗಣಿ ಕಾರ್ಮಿಕರ ಭಾಗಕ್ಕೆ ಹೋದರು.

ಪುಸ್ತಕದ ಮಾತು ಜೋಗಪ್ಪನಿಗೆ ಪೂರ್ತಿ ಹಿಡಿಯಲಿಲ್ಲ. ಅವನು ಬಗ್ಗಿ ಮೆಲ್ಲಗೆ, “ಸ್ಥಳೀಯ ಸಂಗಾತಿ ಅಂದ್ರ ಯಾರು?” ಎಂದು ಕೇಳಿದ.

“ನಾನು,” ಎಂದಳು ಸುಂಕಮ್ಮ.

ಅವನು ನೆಟ್ಟಗೆ ಕೂತು ಮತ್ತೆ ವೇದಿಕೆಯ ಕಡೆ ನೋಡಿದ.

ಊಟದ ಹೊತ್ತಿಗೆ ಮಂಟಪದ ಬಾಗಿಲಲ್ಲಿ ಬಿಳಿ ಕಾರು ನಿಂತಿತು. ಇಳಿದವನು ಎರ್ರಣ್ಣ. ಅವತ್ತಿನ ಊಟದ ಅಕ್ಕಿ ಅವನ ಗಿರಣಿಯದು, ಸಮಾವೇಶಕ್ಕೆಂದು ಕೊಟ್ಟದ್ದು. ಊಟದ ಸಾಲಿನಿಂದ ಭೀಮರಾಜರು ಎದ್ದು, ತೊಳೆಯದ ಕೈಯನ್ನು ಹಿಂದಕ್ಕೆ ಹಿಡಿದು, ಬಾಗಿಲವರೆಗೆ ಬೇಗ ಬೇಗ ನಡೆದರು.

“ಬರ್ರಿ ಧಣೇರ, ಬರ್ರಿ,” ಎಂದರು. “ನಿಮ್ಮ ದಾರೀನ ಕಾಯಾಕತ್ತಿದ್ವಿ.”

ಅದರಲ್ಲಿ ನಟನೆ ಇರಲಿಲ್ಲ, ಗೇಲಿಯೂ ಇರಲಿಲ್ಲ. ಬಾಯಿಗೆ ತಾನಾಗಿ ಬಂದ ಮಾತು. ಸುಂಕಮ್ಮ ನೀರಿನ ಲೋಟ ಕೆಳಗಿಟ್ಟು ಸುತ್ತ ನೋಡಿದಳು. ಭಾನುವಾರದ ವರ್ಗಕ್ಕೆ ಬರುವ ಇಬ್ಬರು ಹತ್ತಿರದಲ್ಲೇ ಇದ್ದರು. ಅವರು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ಜೋಗಪ್ಪ ಎದ್ದು ಭೀಮರಾಜರ ಹತ್ತಿರ ಹೋದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಪಂಚಮಿಯ ಹಿಂದಿನ ದಿನ ಮೆಟ್ಟಿಲ ಮೇಲೆ ಕೂತು ರೇಗಿಸುವಾಗಿನ ಮುಖವೇ ಅದು.

“ಮಾಸ್ತರ, ಇವತ್ತ ಚಾ ನಿಮ್ಮ ಪಾಲಿಂದರಿ,” ಎಂದ.

ಭೀಮರಾಜರು ಅವನನ್ನು ನೋಡಿದರು. ಗುರುತು ಸಿಕ್ಕಿದಂತೆ ಕಾಣಲಿಲ್ಲ. ಏನು ಕೇಳುತ್ತಿದ್ದಾನೆ ಎಂದು ಯೋಚಿಸಿ, ಆಮೇಲೆ ನಕ್ಕು, ಅಡುಗೆಯವರ ಕಡೆ ತಿರುಗಿ, “ಇವ್ರಿಗೊಂದು ಚಾ ಕೊಡ್ರಪಾ,” ಎಂದು ಕೂಗಿ ಹೇಳಿದರು. ಎರ್ರಣ್ಣನನ್ನು ಕರೆದುಕೊಂಡು ಒಳಗೆ ಹೋದರು.

ಇದನ್ನು ಸುಂಕಮ್ಮ ನನಗೆ ಹೇಳಿದ್ದು ಬಹಳ ದಿನಗಳ ನಂತರ. ಅವರು ವರದಿಯಲ್ಲಿ ತನ್ನ ಮೇಲೆ ಹಾಕಿದ್ದನ್ನು ಹೇಗೋ ನುಂಗಬಹುದಿತ್ತು ಎಂದಳು. ವರದಿ ಬರೆಯುವವರಿಗೆ ಅವರವರ ಕಷ್ಟ ಇರುತ್ತದೆ. ಧಣಿ ಎಂದದ್ದನ್ನೂ ಬಾಯಿ ತಪ್ಪಿದ್ದು ಎನ್ನಬಹುದಿತ್ತು. ಆದರೆ ಆ ಕಟ್ಟಳೆಯೇ ಅವರಿಗೆ ನೆನಪಿರಲಿಲ್ಲ. ಅಷ್ಟು ವರ್ಷ ಅವಳು ಘಟಕದಲ್ಲಿ ಎಲ್ಲರ ನಗೆ ತಿಂದು ಪಾಲಿಸಿದ್ದನ್ನು ಅವರು ಎಂದೋ ಕೆಳಗಿಟ್ಟಿದ್ದರು, ಇಟ್ಟದ್ದು ಅವರಿಗೇ ಗೊತ್ತಿರಲಿಲ್ಲ.

ಕುರುಗೋಡಿನ ಬಸ್ ನಿಲ್ದಾಣದಲ್ಲಿ ಅಣ್ಣ ತಂಗಿ ಕಲ್ಲು ಬೆಂಚಿನ ಮೇಲೆ ಕೂತರು. ಅವಳು ಬಳ್ಳಾರಿ ಕಡೆ, ಅವನು ಸಿರುಗುಪ್ಪದ ಕಡೆ. ಜೋಗಪ್ಪ ಮೊದಲು ಒಬ್ಬನೇ ನಕ್ಕ. ಸಭೆಯಲ್ಲಿ ಅಷ್ಟು ದೊಡ್ಡವರು ತನಗೆ ಚಹಾ ಕೊಡಿಸಿದರು, ಗೌಡನೂ ಇಂಥ ಮರ್ಯಾದೆ ಮಾಡಿರಲಿಲ್ಲ ಎಂದ. ಆಮೇಲೆ ನಗೆ ನಿಂತಿತು.

“ನಿನಗೂ ಮೋಸ ಆಗೇತಿ ಸುಂಕಿ. ನಾ ನಿನ್ನ ಮ್ಯಾಲೆ ಸುಳ್ಳ ಸಿಟ್ಟು ಇಟಗೊಂಡಿದ್ದೆ,” ಎಂದ. “ಈ ಸಲ ಪಂಚಮಿಗೆ ಕರಿಯಾಕ ಬರ್ತೀನಿ. ಚೀಲ ತಯಾರ ಇಡು.”

ಇಷ್ಟು ಕೇಳುವುದಕ್ಕೇ ಅವಳು ಅವನನ್ನು ಕುರುಗೋಡಿಗೆ ಕರೆತಂದಿದ್ದಳು. ಇಲ್ಲಿಗೆ ಸುಮ್ಮನಿದ್ದಿದ್ದರೆ ಅವಳಿಗೆ ತವರು ಮರಳಿ ಸಿಗುತ್ತಿತ್ತು. ಅವಳು ಸುಮ್ಮನಿರಲಿಲ್ಲ. ಯಾಕೆಂದು ನಾನು ಕೇಳಿದೆ. ಭೀಮರಾಜರು ಮುಚ್ಚಿಟ್ಟದ್ದನ್ನು ತಾನೂ ಮುಚ್ಚಿಟ್ಟುಕೊಂಡು ಮನೆಗೆ ಹೋಗುವುದು ಆಗಲಿಲ್ಲ ಎಂದಷ್ಟೇ ಹೇಳಿದಳು.

ಅವಳು ಅಣ್ಣನಿಗೆ ಬಿಡುಗಡೆಯ ಎರಡು ಅರ್ಥಗಳನ್ನೂ ಹೇಳಿದಳು. ಮೊದಲನೆಯದನ್ನು ಅವನು ಬೇವಿನ ಕಟ್ಟೆಯಲ್ಲಿ ಕೇಳಿದ್ದ. ಎರಡನೆಯದನ್ನು ಕೇಳುತ್ತಾ ಅವನು ಬೀಡಿ ತೆಗೆದವನು ಹಚ್ಚದೆ ಕೈಯಲ್ಲೇ ಹಿಡಿದ.

“ಇದು ಈಗ ಗೊತ್ತಾತೋ, ಆಗ ಗೊತ್ತಿತ್ತೋ?”

“ಆಗ ಗೊತ್ತಿತ್ತು.”

“ನಾ ಕೇಳಿದ್ದೆ ನಿನಗ. ಕೇಡಿಲ್ಲಾ ಅಂತ.”

“ಕೇಳಿದ್ದಿ.”

“ಮಾಸ್ತರನ ಮಾತಿಗೆ ನಾ ಹೊಲ ಬಿಡಲಿಲ್ಲ,” ಎಂದ ಜೋಗಪ್ಪ. “ನಿನ್ನ ಮಾತಿಗೆ ಬಿಟ್ಟೆ.”

ಸಿರುಗುಪ್ಪದ ಬಸ್ಸು ಮೊದಲು ಬಂತು. ಅವನು ಹತ್ತಿ ಆಚೆ ಬದಿಯ ಕಿಟಕಿಯಲ್ಲಿ ಕೂತ.

ಪಂಚಮಿಗೆ ಅವನು ಬರಲಿಲ್ಲ. ಸುಂಕಮ್ಮ ಚೀಲ ತಯಾರು ಮಾಡಿರಲಿಲ್ಲ. ಅವಳು ಭಾನುವಾರದ ವರ್ಗಕ್ಕೂ ಹೋಗುವುದನ್ನು ಬಿಟ್ಟಳು. ವರ್ಗದವರು ಒಬ್ಬಿಬ್ಬರು ಮನೆಗೆ ಬಂದು ವಿಚಾರಿಸಿದರು. ಅವಳು ಅವರಿಗೆ ಚಹಾ ಮಾಡಿ ಕೊಟ್ಟಳು, ವಿಷಯ ಎತ್ತಲಿಲ್ಲ. ಭೀಮರಾಜರು ಬರಲಿಲ್ಲ. ಘಟಕದಲ್ಲಿ ಮಾತ್ರ ಅವಳ ಮಾತು ಬದಲಾಗಲಿಲ್ಲ, ಈಗಲೂ ಮಾಲಕ ಎಂದೇ ಅನ್ನುತ್ತಾಳೆ. ಪಾಠ ತಪ್ಪಲ್ಲ ಎಂದು ಅವಳು ನಂಬಿದ್ದಾಳೆ. ಗೌಡರ ಕಾಲ ಹೋಗಲೇಬೇಕಿತ್ತು. ಅದು ಹೋಗುವಾಗ ಯಾರನ್ನು ತುಳಿದುಕೊಂಡು ಹೋಗುತ್ತದೆ ಎನ್ನುವುದೂ ಆ ಪಾಠದಲ್ಲೇ ಇತ್ತು, ಅದನ್ನು ತುಳಿತಕ್ಕೆ ಸಿಗುವವರಿಗೇ ಹೇಳಬೇಕಿತ್ತು ಎನ್ನುತ್ತಾಳೆ.

ದೀಪಾವಳಿ ಕಳೆದ ಒಂದು ಭಾನುವಾರ, ವರ್ಗ ಸುರುವಾಗುವ ಹೊತ್ತಿಗೆ, ಅವಳು ಯಾರೂ ಕರೆಯದೆ ರಾರಾವಿಗೆ ಹೋದಳು. ಅತ್ತಿಗೆಗೆ ಹೇಳಿ ಒಂಬತ್ತು ಮನೆಯವರನ್ನೂ ಬೇವಿನ ಕಟ್ಟೆಗೆ ಕರೆಸಿದಳು. ಏಳು ಮನೆಯವರು ಬಂದರು ಎನ್ನುವುದಕ್ಕಿಂತ, ಎರಡು ಮನೆಯವರು ಆಗಲೇ ಊರು ಬಿಟ್ಟಿದ್ದರು ಎನ್ನಬೇಕು. ಅವಳು ಫ್ರಾನ್ಸಿನ ವಿಷಯ ಎತ್ತಲಿಲ್ಲ, ಸಂಘದ ಹೆಸರನ್ನೂ ಹೇಳಲಿಲ್ಲ. ಅವತ್ತು ಹೇಳದೆ ಬಿಟ್ಟ ಅರ್ಧವನ್ನು ಹೇಳಿದಳು, ಗೊತ್ತಿದ್ದೂ ಬಿಟ್ಟೆ ಎಂದಳು. ಒಬ್ಬ ಹೆಂಗಸು ಎದ್ದು ಸೆರಗು ಜಾಡಿಸಿ ಹೊರಟುಹೋದಳು. ಒಬ್ಬ ಮುದುಕ, ಆಗಲೇ ಹೇಳಿದ್ದರೂ ನಾವು ಬಿಡುತ್ತಿದ್ದೆವೋ ಏನೋ ಎಂದ. ಉಳಿದವರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಗಿರಣಿಯವರು ಬಳ್ಳಾರಿಯಲ್ಲಿ ಕೊಟ್ಟ ಮನೆ ಎಂಬ ಮಾತು ಮಾತ್ರ ಅವತ್ತಿಗೆ ನಿಂತಿತು ಎಂದು ಸತ್ಯಮ್ಮ ಆಮೇಲೆ ಹೇಳಿದಳು.

ಜೋಗಪ್ಪ ಒಳಗಿದ್ದ. ಅವನು ಕಟ್ಟೆಗೂ ಬರಲಿಲ್ಲ, ಬಾಗಿಲನ್ನೂ ಹಾಕಿಕೊಳ್ಳಲಿಲ್ಲ.

ಹೊರಡುವಾಗ ಸತ್ಯಮ್ಮ ಅವಳನ್ನು ತಡೆದು ನಿಲ್ಲಿಸಿ, ಹಣೆಗೆ ಕುಂಕುಮ ಇಟ್ಟು, ಸೆರಗು ಹಿಡಿಯಲು ಹೇಳಿದಳು. ಒಳಗಿಂದ ಅಕ್ಕಿಯ ಚೀಲವನ್ನೇ ಎಳೆದು ತಂದಳು. ಅದು ಎರ್ರಣ್ಣನ ಗಿರಣಿಯ ಹೆಸರು ಅಚ್ಚಾದ ಚೀಲ, ಅಂಗಡಿಯಿಂದ ತಂದದ್ದು. ಇಬ್ಬರೂ ಅದನ್ನು ನೋಡಿದರು. “ಮನ್ಯಾಗ ಇದಾ ಐತವಾ,” ಎಂದಳು ಸತ್ಯಮ್ಮ. ಸುಂಕಮ್ಮ ಸೆರಗು ಹಿಡಿದಳು. ಒಳಗಿನಿಂದ ಜೋಗಪ್ಪ ಬೇಡ ಎನ್ನಲಿಲ್ಲ.

ಬಳ್ಳಾರಿಗೆ ಬಂದು ಮರುದಿನ ಬೆಳಿಗ್ಗೆ ಅವಳು ಆ ಅಕ್ಕಿಯನ್ನು ಮೊರದಲ್ಲಿ ಹರಡಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಯಂತ್ರ ಆರಿಸಿದ ಅಕ್ಕಿ, ಬೆಳ್ಳಗೆ ಒಂದೇ ಸಮ. ಅವಳು ಬೆರಳಿನಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು, ಮತ್ತೆ ಈ ಕಡೆಗೆ ಸರಿಸಿದಳು. ಒಂದು ಕಲ್ಲೂ ಸಿಗಲಿಲ್ಲ.